ಸ್ತೋತ್ರ ಮಾಡಿ ಮುರಿದನು: ಕರ್ತನ ಭೋಜನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಾದ್ರಿ ಅಲ್ಲ. ದೃಢೀಕರಣಕ್ಕೆ (ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯೆದುರು ತಾವೇ ಒಪ್ಪಿ ಹೇಳುವ ವಿಧಿ) ತಯಾರಾಗುವ ಮಕ್ಕಳಿಗೆ ಹಲವು ವರ್ಷಗಳಿಂದ ಪಾಠ ಹೇಳುತ್ತಾ ಬಂದಿದ್ದೇನೆ, ಅಷ್ಟೇ. ಪಾಠದಲ್ಲಿ ಮಕ್ಕಳು ಕೇಳಿದ್ದು, ಆರಾಧನೆ ಮುಗಿದ ಮೇಲೆ ಚಹಾ ಕುಡಿಯುತ್ತಾ ದೊಡ್ಡವರು ಮೆಲ್ಲಗೆ ಕೇಳಿದ್ದು, ಬೇರೆ ಧರ್ಮದ ಗೆಳೆಯರು ಬರೆದು ಕೇಳಿದ್ದು, ಎಲ್ಲ ಇಲ್ಲಿ ಸೇರಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಕರ್ತನ ಭೋಜನ, ಪರಮಪ್ರಸಾದ, ಬಲಿಪೂಜೆ, ಕಮ್ಯುನಿಯನ್: ಇವೆಲ್ಲ ಒಂದೇನಾ?

ಬೇರು ಒಂದೇ: ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರ ಜೊತೆ ಮಾಡಿದ ಕಡೆಯ ಊಟವನ್ನು ನೆನೆದು ಕ್ರೈಸ್ತರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು. 'ಕರ್ತನ ಭೋಜನ' ಅನ್ನುವುದು ಯೇಸುವಿನ ಸುದ್ದಿ ಸಾರಿದ ಪೌಲನು ಕೊರಿಂಥ ಪಟ್ಟಣದ ಸಭೆಗೆ, ಅಂದರೆ ಅಲ್ಲಿನ ಕ್ರೈಸ್ತರ ಕೂಟಕ್ಕೆ, ಬರೆದ ಮೊದಲ ಪತ್ರದ ಮಾತು. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಅದೇ ಬಳಕೆಯಲ್ಲಿದೆ. ಕಥೋಲಿಕರಲ್ಲಿ ಇಡೀ ಆರಾಧನೆಗೆ ಬಲಿಪೂಜೆ ಅನ್ನುತ್ತಾರೆ, ಅಲ್ಲಿ ಸ್ವೀಕರಿಸುವುದಕ್ಕೆ ಪರಮಪ್ರಸಾದ ಅನ್ನುತ್ತಾರೆ. ಕೇರಳ ಮೂಲದ ಸಿರಿಯನ್ ಸಭೆಗಳವರು ಕುರ್ಬಾನ ಅನ್ನುತ್ತಾರೆ, ಕಾಣಿಕೆ ಅಂತ ಅರ್ಥ. ಕಮ್ಯುನಿಯನ್ ಅಂದರೆ ಒಟ್ಟಾಗಿ ಪಾಲು ತೆಗೆದುಕೊಳ್ಳುವುದು. ಇವೆಲ್ಲದರ ಜೊತೆಗೆ ಬಹಳ ಹಳೆಯ ಗ್ರೀಕ್ ಹೆಸರೊಂದಿದೆ: ಯೂಕರಿಸ್ತಿಯ. ಅದರ ಅರ್ಥ ಸರಳ, ಕೃತಜ್ಞತೆ.

ದೇವರಿಗೆ ಥ್ಯಾಂಕ್ಸ್ ಹೇಳೋದಕ್ಕೂ ಒಂದು ಚೂರು ರೊಟ್ಟಿ ತಿನ್ನೋದಕ್ಕೂ ಏನು ಸಂಬಂಧ?

ಕಡೆಯ ಊಟದಲ್ಲಿ ಯೇಸು ಮಾಡಿದ್ದು ನಾಲ್ಕು ಕೆಲಸ. ರೊಟ್ಟಿ ತೆಗೆದುಕೊಂಡನು, ಸ್ತೋತ್ರ ಮಾಡಿದನು, ಮುರಿದನು, ಕೊಟ್ಟನು. ನಾವು ಮುರಿದದ್ದನ್ನು, ಕೊಟ್ಟದ್ದನ್ನು ನೆನಪಿಟ್ಟುಕೊಳ್ಳುತ್ತೇವೆ. ಎರಡನೆಯದನ್ನು ಸುಮ್ನೆ ದಾಟಿಬಿಡುತ್ತೇವೆ.

ಯೆಹೂದ್ಯರ ಮನೆಗಳಲ್ಲಿ ರೊಟ್ಟಿ ಮುರಿಯುವ ಮುಂಚೆ ಹೇಳುವ ಪುಟ್ಟ ಪ್ರಾರ್ಥನೆ ಒಂದಿದೆ. ಲೋಕದ ಅರಸನೇ, ಭೂಮಿಯಿಂದ ರೊಟ್ಟಿ ಹೊರಡಿಸುವವನೇ, ನಿನಗೆ ಸ್ತುತಿ ಅನ್ನುವುದು ಅದರ ತಿರುಳು. ಗಮನಿಸಿ, ಇಲ್ಲಿ ಆಶೀರ್ವಾದ ಕೇಳುವುದು ರೊಟ್ಟಿಗಲ್ಲ. ರೊಟ್ಟಿ ಕೊಟ್ಟವನನ್ನು ಹೊಗಳುವುದು. ಯೇಸು ಆ ರಾತ್ರಿ ಯಾವ ಪದಗಳಲ್ಲಿ ಸ್ತೋತ್ರ ಮಾಡಿದನೆಂದು ಅವನ ಬದುಕಿನ ಕಥೆ ಹೇಳುವ ಸುವಾರ್ತೆಗಳು ಬರೆದಿಲ್ಲ. ಆದರೆ ಅವನು ಬೆಳೆದ ಮನೆಯ ರೂಢಿ ಇಂಥದ್ದು.

ಸುಮಾರು 155ರಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬಾತ ಕ್ರೈಸ್ತರ ಭಾನುವಾರದ ಕೂಟ ಹೇಗಿರುತ್ತದೆ ಅಂತ ಚಕ್ರವರ್ತಿಗೆ ಬರೆದು ವಿವರಿಸಿದ. ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ ತರುತ್ತಾರೆ, ಮುಂದೆ ನಿಂತವನು ಉದ್ದಕ್ಕೆ ಸ್ತೋತ್ರ ಹೇಳುತ್ತಾನೆ, ಜನ ಆಮೆನ್ ಅನ್ನುತ್ತಾರೆ, ಈ ಆಹಾರಕ್ಕೆ ನಮ್ಮಲ್ಲಿ ಯೂಕರಿಸ್ತಿಯ ಅಂತ ಹೆಸರು. ಅಂದರೆ ಅಷ್ಟು ಹೊತ್ತಿಗೆ ತಟ್ಟೆಯಲ್ಲಿದ್ದ ರೊಟ್ಟಿಯ ಹೆಸರೇ 'ಕೃತಜ್ಞತೆ' ಆಗಿಬಿಟ್ಟಿತ್ತು.

ಚರ್ಚ್‌ನವರು ಮಾತೆತ್ತಿದರೆ "ಸ್ತೋತ್ರ" ಅಂತಾರಲ್ಲ, ಯಾಕೆ? ಸ್ತೋತ್ರ ಅಂದ್ರೆ ಶ್ಲೋಕ ಅಲ್ವಾ?

ಹೊರಗಿನ ಕನ್ನಡದಲ್ಲಿ ಹೌದು, ಸ್ತೋತ್ರ ಅಂದರೆ ಹೊಗಳಿ ಹಾಡುವ ಪದ್ಯ. ಹಳೆಯ ಕನ್ನಡ ಬೈಬಲ್‌ನಲ್ಲಿ ಯೇಸು ರೊಟ್ಟಿ ಹಿಡಿದು ಕೃತಜ್ಞತೆ ಹೇಳಿದ್ದನ್ನು 'ಸ್ತೋತ್ರಮಾಡಿ ಮುರಿದು' ಅಂತ ಅನುವಾದಿಸಿದ್ದಾರೆ. ಹಾಗಾಗಿ ನಮ್ಮ ಸಭೆಗಳಲ್ಲಿ ಆ ಪದಕ್ಕೆ 'ಉಪಕಾರ ನೆನೆಯುವುದು' ಎಂಬ ಅರ್ಥ ಅಂಟಿಕೊಂಡಿತು. ಈಗ ಎದುರು ಸಿಕ್ಕಾಗ ನಮಸ್ಕಾರದ ಬದಲಿಗೂ ಸ್ತೋತ್ರ, ಬಸ್ಸು ಸಿಕ್ಕಿದರೂ ಸ್ತೋತ್ರ. ಸ್ವಲ್ಪ ಜಾಸ್ತಿನೇ ಆಗಿದೆ ಅಂತ ನನಗೂ ಅನಿಸುತ್ತದೆ.

ಆದರೂ 'ಧನ್ಯವಾದ'ಕ್ಕಿಂತ ಇದು ವಾಸಿ. ಮನೆಯಲ್ಲಿ ಅಮ್ಮ ಅನ್ನ ಬಡಿಸಿದರೆ ಯಾರಾದರೂ ಧನ್ಯವಾದ ಅನ್ನುತ್ತಾರಾ? ಅಂದರೆ ಅಮ್ಮ ಗಾಬರಿಯಾಗುತ್ತಾಳೆ. ಅಂಥ ಕಡೆ ಕನ್ನಡ ಬೇರೆ ಮಾತು ಇಟ್ಟುಕೊಂಡಿದೆ: ಅನ್ನದ ಋಣ, ಉಪಕಾರ ಮರೆಯಬಾರದು. 'ಕೃತಜ್ಞ' ಪದವನ್ನೇ ಬಿಡಿಸಿ ನೋಡಿ. ಕೃತ ಅಂದರೆ ಮಾಡಿದ್ದು, ಜ್ಞ ಅಂದರೆ ಅರಿತವನು. ತನಗಾಗಿ ಮಾಡಿದ್ದನ್ನು ತಿಳಿದಿರುವವನು ಕೃತಜ್ಞ. "ನನ್ನ ನೆನಪಿಗಾಗಿ ಹೀಗೆ ಮಾಡಿ" ಅನ್ನುವ ಯೇಸುವಿನ ಮಾತಿಗೂ ಕೃತಜ್ಞತೆಗೂ ಇರುವ ನಂಟನ್ನು ನಮ್ಮ ಭಾಷೆ ಒಂದೇ ಪದದಲ್ಲಿ ಕಟ್ಟಿಕೊಟ್ಟಿದೆ. ಮಕ್ಕಳಿಗೆ ಇದನ್ನು ಹಲಗೆಯ ಮೇಲೆ ಎರಡು ತುಂಡು ಮಾಡಿ ಬರೆದು ತೋರಿಸುತ್ತೇನೆ. ಬೇರೆ ವಿವರಣೆ ಬೇಕಾಗುವುದಿಲ್ಲ.

ನಾನು ಹಿಂದೂ. ಗೆಳತಿಯ ಮದುವೆಗೆ ಚರ್ಚ್‌ಗೆ ಹೋದಾಗ ನಾನೂ ಸಾಲಲ್ಲಿ ನಿಂತು ತಗೋಬಹುದಾ? ಪ್ರಸಾದದ ಥರಾನೇ ಅಲ್ವಾ?

ಇಲ್ಲ, ಕೂತಲ್ಲೇ ಇರಿ. ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಸಾದಕ್ಕೆ ಕೈಚಾಚಿದವರಿಗೆಲ್ಲ ಪಾಲುಂಟು. ಇಲ್ಲಿ ಹಾಗಲ್ಲ. ತಿನ್ನುವುದು ಅಂದರೆ ಒಂದು ಒಡಂಬಡಿಕೆಗೆ ಸೇರಿದ್ದೇನೆ ಅಂತ ಎಲ್ಲರೆದುರು ಒಪ್ಪಿಕೊಂಡ ಹಾಗೆ. ಮಾಂಗಲ್ಯ ಕಟ್ಟುವುದನ್ನು ನೆಂಟರು ನೋಡಬಹುದು, ಅಕ್ಕಿಕಾಳು ಹಾಕಬಹುದು, ಕಟ್ಟುವವನು ಬೇರೆ. ಹೆಚ್ಚಿನ ಪ್ರಾಟೆಸ್ಟೆಂಟ್ ಸಭೆಗಳು ದೀಕ್ಷಾಸ್ನಾನ (ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ವಿಧಿ) ಆದವರಿಗೆ ಕೊಡುತ್ತವೆ. ಕಥೋಲಿಕ ಸಭೆಯಲ್ಲಿ ಬೇರೆ ಪಂಗಡದ ಕ್ರೈಸ್ತರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ, ಅಂದರೆ ಅಲ್ಲಿ ನಾನೂ ನಿಮ್ಮ ಪಕ್ಕದಲ್ಲೇ ಕೂತಿರುತ್ತೇನೆ. ಗೊತ್ತಿಲ್ಲದೆ ಕೈಗೆ ಬಂದುಬಿಟ್ಟರೆ ಜೇಬಿಗೆ ಹಾಕಿಕೊಳ್ಳಬೇಡಿ, ವಾಪಸ್ ಕೊಡಿ.

ನೀವು ಹೇಳುವ ಪ್ರಸಾದಕ್ಕೆ ಹತ್ತಿರದ್ದು ಬೇರೊಂದಿದೆ. ಗ್ರೀಕ್ ಆರ್ಥೊಡಾಕ್ಸ್ ಸಭೆಗಳಲ್ಲಿ ಆರಾಧನೆ ಮುಗಿದ ಮೇಲೆ ಆಶೀರ್ವದಿಸಿದ ಸಾದಾ ರೊಟ್ಟಿಯ ಚೂರುಗಳನ್ನು ಹಂಚುತ್ತಾರೆ. ಅದು ಸಂಸ್ಕಾರದ ರೊಟ್ಟಿ ಅಲ್ಲ.

ಅದರಲ್ಲಿ ನಿಜವಾದ ವೈನ್ ಇರುತ್ತಾ? ರೊಟ್ಟಿ ಬದಲು ಚಪಾತಿ ಆಗಲ್ವಾ?

ಕಥೋಲಿಕರಲ್ಲಿ ನಿಯಮ ಬಿಗಿ. ಹುಳಿ ಹಾಕದ ಗೋಧಿ ರೊಟ್ಟಿ, ದ್ರಾಕ್ಷಿಯ ವೈನ್. ಗೋಧಿ ಒಗ್ಗದವರಿಗೆ ಗ್ಲುಟೆನ್ ಕಡಿಮೆ ಇರುವ ರೊಟ್ಟಿ ನಡೆಯುತ್ತದೆ, ಗ್ಲುಟೆನ್ ಪೂರ್ತಿ ತೆಗೆದದ್ದು ನಡೆಯುವುದಿಲ್ಲ ಅಂತ 2017ರಲ್ಲೂ ವ್ಯಾಟಿಕನ್ ನೆನಪಿಸಿದೆ. ಗ್ರೀಕ್ ಆರ್ಥೊಡಾಕ್ಸರು ಹುಳಿ ಬಂದ ರೊಟ್ಟಿಯನ್ನೇ ಬಳಸುತ್ತಾರೆ.

ಅನೇಕ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇರುವುದು ದ್ರಾಕ್ಷಿ ಶರಬತ್ತು. ಇದರ ಹಿಂದೆ ಮಜವಾದ ಕಥೆಯಿದೆ. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯ, ಮದ್ಯ ಬೇಡವೆನ್ನುವ ಸಭೆಗಳಿಗಾಗಿ, ದ್ರಾಕ್ಷಿರಸ ಹುಳಿಯದ ಹಾಗೆ ಬಿಸಿ ಮಾಡಿ ಸೀಸೆಗೆ ತುಂಬುವುದನ್ನು ಕಂಡುಕೊಂಡ. ಮುಂದೆ ಅದೇ ದೊಡ್ಡ ಜ್ಯೂಸ್ ಕಂಪನಿಯಾಯಿತು. ಚಪಾತಿಯನ್ನು ಬಳಸಿದ ಸಭೆಯಲ್ಲಿ ನಾನು ತೆಗೆದುಕೊಂಡಿದ್ದೇನೆ. ಗೋಧಿಯದೇ, ಹುಳಿ ಇಲ್ಲದ್ದೇ. ನಾಲಿಗೆಗೆ ಅಂಟುವ ಆ ಕಾಗದದಂಥ ಬಿಲ್ಲೆಗಿಂತ ಅದು ಊಟ ಅನ್ನಿಸಿತು.

## ಸ್ವಲ್ಪ ಒಳಗಿನ ಪ್ರಶ್ನೆಗಳು

ಅದು ಪಸ್ಕ ಹಬ್ಬದ ಊಟವೇ ಆಗಿತ್ತಾ?

ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯ, ಮಾರ್ಕ, ಲೂಕ ಹೌದು ಅನ್ನುತ್ತಾರೆ. ಯೋಹಾನನ ಪ್ರಕಾರ ಯೇಸುವಿನ ವಿಚಾರಣೆ ನಡೆಯುವಾಗ ಪಸ್ಕದ ಊಟ ಇನ್ನೂ ಆಗಿರಲಿಲ್ಲ. ಈ ಗಂಟನ್ನು ಬಿಡಿಸಲು ಪಂಡಿತರು ಬಹಳ ಹೆಣಗಿದ್ದಾರೆ. ಎರಡರಲ್ಲೂ ಹಿನ್ನೆಲೆ ಪಸ್ಕದ್ದೇ: ಐಗುಪ್ತದ ಗುಲಾಮಗಿರಿಯಿಂದ ಬಿಡುಗಡೆಯಾದ ರಾತ್ರಿಯನ್ನು ಊಟ ಮಾಡಿ ನೆನೆಯುವ ಹಬ್ಬ.

ನಿಜವಾಗಿ ಯೇಸುವಿನ ದೇಹಾನಾ ಅಥವಾ ಬರೀ ಗುರುತಾ? ಒಂದು ಕಡೆ ನಿಂತು ಹೇಳಿ.

ಹೇಳುತ್ತೇನೆ, ಮೊದಲು ಜಗಳದ ಚರಿತ್ರೆ ಕೇಳಿ. ರೊಟ್ಟಿಯ ರೂಪ, ರುಚಿ ಹಾಗೇ ಉಳಿದು ಅದರ ಒಳಗಿನ ತತ್ವ ಕ್ರಿಸ್ತನ ದೇಹವಾಗಿ ಬದಲಾಗುತ್ತದೆ ಅನ್ನುವುದು ಕಥೋಲಿಕ ಬೋಧನೆ. ಕಥೋಲಿಕ ಬಿಷಪ್ಪರು ಸೇರಿದ 1215ರ ಲ್ಯಾಟರನ್ ಸಮ್ಮೇಳನ ಈ ಮಾತನ್ನು ಬಳಸಿತು, 1551ರಲ್ಲಿ ಟ್ರೆಂಟ್ ಸಮ್ಮೇಳನ ಗಟ್ಟಿ ಮಾಡಿತು. ಆರ್ಥೊಡಾಕ್ಸರು ನಿಜವಾದ ದೇಹ ಅಂತ ನಂಬುತ್ತಾರೆ, ಹೇಗೆ ಅಂತ ಜಾಸ್ತಿ ಕೆದಕುವುದಿಲ್ಲ.

1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಪ್ರಾಟೆಸ್ಟೆಂಟ್ ಸುಧಾರಣೆಯ ಮುಂದಾಳುಗಳಾದ ಲೂಥರ್ ಮತ್ತು ಜ್ವಿಂಗ್ಲಿ ಎದುರುಬದುರು ಕೂತರು. ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ 'ಇದು ನನ್ನ ದೇಹ' ಅಂತ ಲ್ಯಾಟಿನಿನಲ್ಲಿ ಬರೆದಿಟ್ಟುಕೊಂಡು, ಆ ಮಾತಿನಿಂದ ಕದಲಲಿಲ್ಲ. 'ಇದು' ಅಂದರೆ 'ಇದು ಸೂಚಿಸುತ್ತದೆ' ಅನ್ನುವುದು ಜ್ವಿಂಗ್ಲಿಯ ಪಟ್ಟು. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿದರು, ಉಳಿದ ಒಂದಕ್ಕೆ ಬೇರೆಯಾದರು. ಆಮೇಲೆ ಬಂದ ಕ್ಯಾಲ್ವಿನ್ ನಡುದಾರಿ ಹಿಡಿದ: ರೊಟ್ಟಿ ರೊಟ್ಟಿಯೇ, ಆದರೆ ತಿನ್ನುವವನು ಪವಿತ್ರಾತ್ಮನ ಮೂಲಕ ನಿಜವಾಗಿ ಕ್ರಿಸ್ತನಲ್ಲಿ ಪಾಲುಗಾರನಾಗುತ್ತಾನೆ.

ನಾನು ನಿಂತಿರುವುದು ಕ್ಯಾಲ್ವಿನ್ ಹತ್ತಿರ. 'ಬರೀ ಗುರುತು' ಅನ್ನುವಲ್ಲಿ ಆ 'ಬರೀ' ನನಗೆ ಒಗ್ಗುವುದಿಲ್ಲ. ಅಪ್ಪನ ಕೈಬರಹದ ಹಳೇ ಪೋಸ್ಟ್‌ಕಾರ್ಡು ಬರೀ ಕಾಗದವಾ?

"ಅಯೋಗ್ಯವಾಗಿ ತಿಂದ್ರೆ ಶಿಕ್ಷೆ" ಅಂತ ಬೈಬಲ್‌ನಲ್ಲಿದೆ. ಭಯ ಆಗಿ ಎಷ್ಟೋ ವರ್ಷದಿಂದ ತಗೊಂಡಿಲ್ಲ. ಏನು ಮಾಡಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರು ಸಾಮಾನ್ಯವಾಗಿ ಒಳ್ಳೆಯ ಜನ. ಗಂಡನ ಜೊತೆ ಜಗಳವಾಡಿದ ವಾರ ಹಿಂದೆ ಕೂತವರು, ಅತ್ತಿಗೆಯ ಜೊತೆ ಮಾತು ಬಿಟ್ಟವರು.

ಆ ಮಾತು ಎಲ್ಲಿ ಬಂತು ನೋಡಿ. ಸುಮಾರು 55ರಲ್ಲಿ ಪೌಲನು ಕೊರಿಂಥಕ್ಕೆ ಬರೆದ ಪತ್ರ, ಹನ್ನೊಂದನೇ ಅಧ್ಯಾಯ. ಕರ್ತನ ಭೋಜನದ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಇದೇ, ಸುವಾರ್ತೆಗಳಿಗಿಂತ ಹಳೆಯದು. ಆಗ ಚರ್ಚ್ ಕಟ್ಟಡ ಇರಲಿಲ್ಲ. ಅನುಕೂಲಸ್ಥರ ಮನೆಯಲ್ಲಿ ಸೇರುತ್ತಿದ್ದರು, ಪೂರ್ತಿ ಊಟವೇ ಇರುತ್ತಿತ್ತು. ಉಳ್ಳವರು ಮುಂಚೆ ಕೂತು ತಮ್ಮದನ್ನು ತಾವು ಉಂಡು ಮುಗಿಸುತ್ತಿದ್ದರು. ಆಳುಗಳು, ಕೂಲಿಯವರು ಬರುವಷ್ಟರಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು ಅಂತ ಪೌಲನು ಸಿಟ್ಟಾಗುತ್ತಾನೆ. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ ಕೇಳುತ್ತಾನೆ.

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಸಾಕು: ಪಂಕ್ತಿಭೇದ. ಒಂದು ಸಾಲಿಗೆ ತುಪ್ಪ, ಇನ್ನೊಂದು ಸಾಲಿಗೆ ಬರೀ ಎಲೆ. ಪೌಲನು 'ಅಯೋಗ್ಯವಾಗಿ' ಅಂದದ್ದು ಮೊದಲಿಗೆ ಇದನ್ನೇ. ಆ ಪದ ತಿನ್ನುವ ರೀತಿಗೆ ಸೇರಿದ್ದು, ತಿನ್ನುವವರ ಯೋಗ್ಯತಾಪತ್ರಕ್ಕಲ್ಲ. ಯೋಗ್ಯರಾಗಿದ್ದವರು ಯಾರು? ಮೊದಲ ಊಟದಲ್ಲೇ ಒಬ್ಬ ಶಿಷ್ಯ ಯೇಸುವನ್ನು ಹಿಡಿದುಕೊಡಲು ಒಪ್ಪಿ ಬಂದಿದ್ದ, ಇನ್ನೊಬ್ಬ ಬೆಳಗಾಗುವ ಮುಂಚೆ ಅವನು ಯಾರೋ ಗೊತ್ತಿಲ್ಲ ಅಂದ.

ಇನ್ನೊಂದು ಮಾತು. ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಂಡು 'ಹೀಗೆ ತಿನ್ನಲಿ' ಅಂತ ಪೌಲನು ಬರೆದಿದ್ದಾನೆ. ಪರೀಕ್ಷಿಸಿಕೊಂಡು ಹಿಂದಿನ ಬೆಂಚಿಗೆ ಹೋಗಲಿ ಅಂತ ಬರೆದಿಲ್ಲ. ಅತ್ತಿಗೆಗೆ ಶನಿವಾರ ಒಂದು ಫೋನ್ ಮಾಡಿ, ಭಾನುವಾರ ಬನ್ನಿ. ಕಥೋಲಿಕರಾದರೆ ದೊಡ್ಡ ಪಾಪಗಳಿಗೆ ಮೊದಲು ಪಾಪನಿವೇದನೆ ಮಾಡುವ ನಿಯಮವಿದೆ, ನಿಮ್ಮ ಗುರುಗಳ ಜೊತೆ ಮಾತಾಡಿ.

ನಮ್ಮ ಕಡೆ ಜಾತಿ ಇತ್ತಲ್ಲ, ಒಂದೇ ಬಟ್ಟಲಿಂದ ಕುಡಿಯೋದು ಹೇಗೆ ಸಾಧ್ಯವಾಯ್ತು?

ಸುಲಭಕ್ಕೆ ಆಗಲಿಲ್ಲ. ತಮಿಳುನಾಡಿನ ಹಳೆಯ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಜಾತಿಗೊಂದು ಕಡೆ ಕೂರುವ ರೂಢಿ ನಡೆದುಬಂದಿತ್ತು. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿಭೇದ ಪೂರ್ತಿ ಬಿಡಬೇಕು ಅಂತ ಆದೇಶ ಬರೆದ. ತಂಜಾವೂರು, ಮದ್ರಾಸಿನ ಕಡೆ ಅನೇಕರು ಸಭೆಯನ್ನೇ ಬಿಟ್ಟು ನಡೆದರು. ಮರುವರ್ಷ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದು ಇಳಿದರು. ಅವರೂ ಈ ವಿಷಯದಲ್ಲಿ ಗಟ್ಟಿ. ದೇವರು ಒಬ್ಬನೇ ಅಂತ ಒಪ್ಪುವುದು ನಮ್ಮ ಜನಕ್ಕೆ ಕಷ್ಟವಾಗಲಿಲ್ಲ, ಬಟ್ಟಲು ಒಂದೇ ಅನ್ನುವುದು ಕಷ್ಟವಾಯಿತು. ಇವತ್ತು ಜಾತಿ ಬಟ್ಟಲನ್ನು ಬಿಟ್ಟಿದೆ, ಮದುವೆ ಮಾತುಕತೆಯನ್ನು ಬಿಟ್ಟಿಲ್ಲ. ಅದನ್ನು ಚರ್ಚಿನವರಾದ ನಾವೇ ಹೇಳಬೇಕು.

ಬೇರೆ ಒಂದು ಭೇದವೂ ಇತ್ತು. ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದವರ ಮೇಜುಗಳು ಬೇರೆ ಬೇರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಹುಟ್ಟಿದಾಗ ಅವು ಒಂದಾದವು.

ಕೊರೊನಾ ಆದ ಮೇಲೂ ಒಂದೇ ಬಟ್ಟಲು ಬೇಕಾ?

ಪುಟ್ಟ ಪುಟ್ಟ ಲೋಟಗಳೂ ನಡೆಯುತ್ತವೆ, ರೊಟ್ಟಿಯನ್ನು ರಸದಲ್ಲಿ ಅದ್ದಿ ಕೊಡುವುದೂ ನಡೆಯುತ್ತದೆ. ನೆಗಡಿ ಇದ್ದರೆ ರೊಟ್ಟಿ ಮಾತ್ರ ತೆಗೆದುಕೊಳ್ಳಿ, ಸಾಕು.

ಮಕ್ಕಳಿಗೆ ಯಾವಾಗ ಕೊಡ್ತಾರೆ?

ಆರ್ಥೊಡಾಕ್ಸರು ದೀಕ್ಷಾಸ್ನಾನ ಆದ ಕೂಸಿಗೂ ಕೊಡುತ್ತಾರೆ. ಕಥೋಲಿಕರಲ್ಲಿ 1910ರಿಂದ ಸುಮಾರು ಏಳನೇ ವಯಸ್ಸು, ಹತ್ತನೇ ಪಯಸ್ ಪೋಪ್ ಆಗಿದ್ದಾಗ ಬಂದ ಬದಲಾವಣೆ. ಸಿಎಸ್‌ಐನಲ್ಲಿ ಸಾಮಾನ್ಯವಾಗಿ ದೃಢೀಕರಣ ಆದ ಮೇಲೆ. "ನಂಗೆ ಅರ್ಥ ಆಗಿಲ್ಲ ಅಂತ ಕೊಡಲ್ವಾ? ಅಪ್ಪಂಗೆ ಅರ್ಥ ಆಗಿದ್ಯಾ?" ಅಂತ ಒಬ್ಬಳು ಕೇಳಿದಳು. ಉತ್ತರ ಹೊಳೆಯಲಿಲ್ಲ.

ಸುಗ್ಗಿ ಹಬ್ಬ, ತೆನೆ ಹಬ್ಬಕ್ಕೂ ಇದಕ್ಕೂ ಸಂಬಂಧ ಇದೆಯಾ?

ನಿಯಮದ ಪ್ರಕಾರ ಇಲ್ಲ, ಭಾವದಲ್ಲಿ ಇದೆ. ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ, ಕರಾವಳಿಯ ಕೊಂಕಣಿ ಕಥೋಲಿಕರಿಗೆ ಮೊಂತಿ ಹಬ್ಬ. ಅದಕ್ಕೂ ಒಂಬತ್ತು ದಿನ ಮುಂಚಿನಿಂದ ಮಕ್ಕಳು ಬುಟ್ಟಿಯಲ್ಲಿ ಹೂವು ತರುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ಮನೆಗೆ ತಂದು, ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಕುಡಿಯುತ್ತಾರೆ. ಊಟ ಬಾಳೆ ಎಲೆಯಲ್ಲಿ, ಸಸ್ಯಾಹಾರ. ನಮ್ಮ ಕಡೆ ಸುಗ್ಗಿ ಹಬ್ಬದಲ್ಲಿ ಮೊದಲ ಫಸಲನ್ನು ವೇದಿಕೆ ಮುಂದೆ ಇಡುತ್ತಾರೆ: ತೆಂಗಿನಕಾಯಿ, ಗೊನೆ, ಕುಂಬಳಕಾಯಿ, ಒಂದೆರಡು ಕೂಗುವ ಕೋಳಿ. ಆಮೇಲೆ ಹರಾಜು. ಐವತ್ತು ರೂಪಾಯಿಯ ಕುಂಬಳಕಾಯಿ ಹಠಕ್ಕೆ ಬಿದ್ದು ಎರಡು ಸಾವಿರ ತಲುಪುವುದನ್ನು ಕಂಡಿದ್ದೇನೆ. ಹೊಲದಿಂದ ಬಂದದ್ದು ದೇವರಿಗೆ, ದೇವರ ಮುಂದಿಂದ ಮತ್ತೆ ಮನೆಯ ಒಲೆಗೆ. ರೊಟ್ಟಿ, ದ್ರಾಕ್ಷಾರಸವೂ ಹೊಲದಿಂದ ಬಂದದ್ದೇ ಅಲ್ವಾ?

## ಆಳದ ಪ್ರಶ್ನೆಗಳು

ಬಲಿಪೂಜೆ ಅಂದ್ರೆ ಪ್ರತಿ ಸಲ ಯೇಸುವನ್ನ ಮತ್ತೆ ಬಲಿ ಕೊಡೋದಾ?

ಇಲ್ಲ, ಕಥೋಲಿಕರೂ ಹಾಗೆ ಹೇಳುವುದಿಲ್ಲ. ಶಿಲುಬೆಯ ಬಲಿ ಒಂದೇ, ಅದೇ ಬಲಿ ಪೀಠದ ಮೇಲೆ ರಕ್ತವಿಲ್ಲದೆ ಎದುರಿಗೆ ಬರುತ್ತದೆ ಅನ್ನುವುದು 1562ರಲ್ಲಿ ಟ್ರೆಂಟ್ ಸಮ್ಮೇಳನ ಹೇಳಿದ್ದು. ಒಂದೇ ಸಾರಿ ಸಮರ್ಪಿತನಾದನು ಎಂಬ ಬೈಬಲ್‌ನ ಇಬ್ರಿಯ ಪತ್ರದ ಮಾತು ಹಿಡಿದು ಪ್ರಾಟೆಸ್ಟೆಂಟರು 'ಬಲಿ' ಪದಕ್ಕೇ ಹಿಂಜರಿಯುತ್ತಾರೆ.

ನನಗೆ ಇಲ್ಲಿ ಬೈಬಲ್‌ನ ಹಳೆಯ ಒಡಂಬಡಿಕೆಯ ಯಾಜಕಕಾಂಡದ ಏಳನೇ ಅಧ್ಯಾಯ ನೆನಪಾಗುತ್ತದೆ. ಅಲ್ಲಿ ಕೃತಜ್ಞತೆಯ ಬಲಿ ಅಂತ ಒಂದಿದೆ. ಮಾಂಸದ ಜೊತೆ ರೊಟ್ಟಿಗಳನ್ನೂ ತರಬೇಕು, ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನ ತನಕ ಇಡುವಂತಿಲ್ಲ. ಒಂದಿಡೀ ಪ್ರಾಣಿಯನ್ನು ಒಂದೇ ದಿನ ಮುಗಿಸಬೇಕಾದರೆ ಏನು ಮಾಡುತ್ತೀರಿ? ಅಕ್ಕಪಕ್ಕದವರನ್ನು ಕರೆಯಲೇಬೇಕು. ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಲಾಗದ ಕೃತಜ್ಞತೆ ಅದು.

ಮೊದಲ ಕಾಲದ ಕ್ರೈಸ್ತರು ಯಾವ ಪ್ರಾರ್ಥನೆ ಹೇಳ್ತಿದ್ರು?

ಒಂದು ಮಾದರಿ ಸಿಕ್ಕಿದೆ. 'ದಿದಖೆ' ಎಂಬ ಪುಟ್ಟ ಪುಸ್ತಕದ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬೆಳಕಿಗೆ ಬಂತು, 1883ರಲ್ಲಿ ಅಚ್ಚಾಯಿತು. ಅದರ ಸ್ತೋತ್ರದಲ್ಲಿ ಮೊದಲು ಬಟ್ಟಲು, ಆಮೇಲೆ ರೊಟ್ಟಿ. ಬೆಟ್ಟಗಳ ಮೇಲೆ ಚೆದುರಿದ್ದ ಈ ರೊಟ್ಟಿ ಒಟ್ಟುಗೂಡಿ ಒಂದಾದ ಹಾಗೆ ನಿನ್ನ ಸಭೆಯೂ ಭೂಮಿಯ ಅಂಚುಗಳಿಂದ ಒಂದಾಗಲಿ ಅನ್ನುತ್ತದೆ ಆ ಪ್ರಾರ್ಥನೆ. ಅಚ್ಚರಿಯೆಂದರೆ, ದೇಹ, ರಕ್ತ ಎಂಬ ಮಾತುಗಳು ಆ ಸ್ತೋತ್ರದಲ್ಲಿ ಬರುವುದೇ ಇಲ್ಲ. ಉದ್ದಕ್ಕೂ "ನಿನಗೆ ಕೃತಜ್ಞರು" ಅನ್ನುವುದೇ.

ಯೋಹಾನನ ಸುವಾರ್ತೆಯಲ್ಲಿ ಈ ಭೋಜನದ ಕಥೆನೇ ಇಲ್ವಲ್ಲ?

ಊಟ ಇದೆ, ರೊಟ್ಟಿಯ ಮೇಲಿನ ಮಾತುಗಳಿಲ್ಲ. ಆ ಜಾಗದಲ್ಲಿ ಯೇಸು ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾನೆ. ಇನ್ನು ಐದು ಸಾವಿರ ಜನರಿಗೆ ಊಟ ಹಾಕಿದ ಕಥೆ ಆರನೇ ಅಧ್ಯಾಯದಲ್ಲಿದೆ. ಆ ಜಾಗವನ್ನು ಆಮೇಲೆ ಗುರುತಿಸುವಾಗ ಯೋಹಾನನು 'ಕರ್ತನು ಸ್ತೋತ್ರ ಮಾಡಿದ ಮೇಲೆ ರೊಟ್ಟಿ ಊಟ ಮಾಡಿದ ಸ್ಥಳ' ಅಂತ ಬರೆಯುತ್ತಾನೆ. ಅದ್ಭುತ ನಡೆದ ಜಾಗ ಅನ್ನುವುದಿಲ್ಲ.

ಮನೆಯಲ್ಲಿ ಸಾವಾಗಿದೆ. ಎಲ್ಲದಕ್ಕೂ ಸ್ತೋತ್ರ ಹೇಳು ಅಂತಾರೆ. ಬಾಯೇ ಬರಲ್ಲ. ನಂಬಿಕೆ ಕಮ್ಮಿನಾ?

ಹಾಗೆ ಹೇಳಿದವರಿಗೆ ಸ್ವಲ್ಪ ಸುಮ್ಮನಿರಲು ಹೇಳಿ. ಬೈಬಲ್‌ನ 1 ಥೆಸಲೊನೀಕ 5:18ರಲ್ಲಿ ಇರುವುದು 'ಎಲ್ಲದರಲ್ಲಿಯೂ' ಅಂತ, ಎಲ್ಲದರ ನಡುವೆ ಅಂತ. ಎಫೆಸ 5:20ರಲ್ಲಿ 'ಎಲ್ಲದಕ್ಕಾಗಿ' ಅಂತಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸತ್ತ ಗೆಳೆಯ ಲಾಜರನ ಸಮಾಧಿಯ ಎದುರು ಯೇಸು ಮೊದಲು ಅತ್ತನು. ತಂದೆಗೆ ಸ್ತೋತ್ರ ಹೇಳಿದ್ದು ಆಮೇಲೆ. ಹಿಡಿದುಕೊಡುವ ರಾತ್ರಿಯಲ್ಲೂ ಅವನು ಸ್ತೋತ್ರ ಮಾಡಿದ್ದು ರೊಟ್ಟಿ ಹಿಡಿದು. ಶಿಲುಬೆ ಬಂತಲ್ಲ, ಒಳ್ಳೆಯದಾಯಿತು ಅಂತ ಅಲ್ಲ. ಅದೇ ರಾತ್ರಿ ತೋಟದಲ್ಲಿ, ಈ ಬಟ್ಟಲು ನನ್ನಿಂದ ತಪ್ಪಲಿ ಅಂತಲೂ ಬೇಡಿಕೊಂಡನು.

ಬಾಯಿ ಬರದ ದಿನ ಸುಮ್ನೆ ಬಂದು ಕೈಚಾಚಿ. ಆಮೆನ್ ಅನ್ನುವುದನ್ನು ಪಕ್ಕದವರು ಹೇಳುತ್ತಾರೆ. ಎಲ್ಲರೂ ಸೇರಿ ಹೇಳುವ ಪ್ರಾರ್ಥನೆ ಇರುವುದೇ ಅದಕ್ಕೆ.

ಚರ್ಚ್‌ಗೆ ಬರೋಕಾಗದವರಿಗೆ ಮನೆಗೆ ತಂದು ಕೊಡ್ತಾರಾ? ಏನು ತಯಾರಿ ಮಾಡಬೇಕು?

ಕೊಡುತ್ತಾರೆ. ಬರಲಾಗದವರಿಗೆ ಸಭೆಯ ಸೇವಕರು ಒಯ್ದು ಕೊಡುತ್ತಾರೆ ಅಂತ ಜಸ್ಟಿನ್ ಕೂಡ ಬರೆದಿದ್ದಾನೆ. ಮುಂಚೆ ಹೇಳಿಡಿ. ಪುಟ್ಟ ಮೇಜು, ಅದರ ಮೇಲೆ ಒಗೆದ ಬಟ್ಟೆ, ಒಂದು ಲೋಟ ನೀರು ಇದ್ದರಾಯಿತು. ಟಿವಿ ಆರಿಸಿ. ನುಂಗಲು ಕಷ್ಟವಿದ್ದರೆ ಪಾದ್ರಿಗಳಿಗೆ ತಿಳಿಸಿ, ತೀರ ಸಣ್ಣ ಚೂರನ್ನು ಅದ್ದಿ ಕೊಡುತ್ತಾರೆ.

ನಮ್ಮ ಅಜ್ಜಿ ಕೊನೆಯ ಎರಡು ವರ್ಷ ಮಂಚದಲ್ಲೇ ಇದ್ದರು. ತಿಂಗಳಿಗೊಮ್ಮೆ ಪಾದ್ರಿಗಳು ಕಪ್ಪು ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಒಳಗೆ ಬೆರಳುದ್ದದ ಸೀಸೆ, ನಾಣ್ಯದಷ್ಟು ಅಗಲದ ತಟ್ಟೆ, ಆಟದ ಸಾಮಾನಿನಂಥ ಬಟ್ಟಲು. ಅಜ್ಜಿಯ ಕೈ ನಡುಗುತ್ತಿತ್ತು, ಹಾಗಾಗಿ ಒಂದು ಕೈ ಕೆಳಗೆ ಇನ್ನೊಂದು ಇಟ್ಟು ಚಾಚುತ್ತಿದ್ದರು. ಪಾದ್ರಿಗಳು ಬಟ್ಟಲು ಒರೆಸಿ ಪೆಟ್ಟಿಗೆಯಲ್ಲಿ ಇಡುವುದನ್ನು ಕಾಯುತ್ತಿದ್ದ ಅಜ್ಜಿ, ಮುಚ್ಚಳ ಹಾಕಿದ ಸದ್ದು ಕೇಳಿದ ಕೂಡಲೇ ಅಡುಗೆಮನೆ ಕಡೆ ತಿರುಗಿ ನಮ್ಮಮ್ಮನನ್ನು ಕೂಗುತ್ತಿದ್ದರು: "ಅಯ್ಯನೋರಿಗೆ ಉಪ್ಪಿಟ್ಟು ಹಾಕ್ಕೊಡೇ, ಬರೀ ಹೊಟ್ಟೆಲಿ ಬಂದಿದಾರೆ."